ಹೊಳೆಯೊಳಗಿನ ಅಡುಗೆಮನೆ

ಕಚೇರಿಯಲ್ಲಿ ಅವಳಿಗೆ ‘ಡಬ್ಬಿ ಮೇಡಂ’ ಎಂದು ಹೆಸರು ಬಿದ್ದಿತ್ತು. ಬೆಳಗಿನಿಂದ ಸಂಜೆಯವರೆಗೆ ಡಬ್ಬಿ ಬರೆಯುವುದೇ ಕೆಲಸವಾದ್ದರಿಂದ ಅವಳೂ ಬೇಸರಪಟ್ಟುಕೊಂಡಿರಲಿಲ್ಲ. ಪಟ್ಟಣದ ಮನೆ, ಬೀದಿ, ಚರಂಡಿ, ದೀಪದ ಕಂಬ ಎಲ್ಲವನ್ನೂ ಕಂಪ್ಯೂಟರಿನ ನಕ್ಷೆಗೆ ಏರಿಸಬೇಕೆಂದು ಭೂಮಾಪನ ಕಚೇರಿ ತೀರ್ಮಾನಿಸಿತ್ತು. ಏರಿಸುವ ಮೊದಲು ಯಾವುದು ಯಾವುದಕ್ಕೆ ಸೇರಿದ್ದು, ಯಾವುದಿಲ್ಲದೆ ಯಾವುದು ಇರಲಾರದು ಎಂದು ಯಾರಾದರೂ ಕೂತು ಗೊತ್ತುಮಾಡಬೇಕಲ್ಲ, ಅದು ಅವಳ ಪಾಲಿಗೆ ಬಂದಿತ್ತು. ಕ್ಲಾಸ್ ಡಯಾಗ್ರಾಂ ಎನ್ನುವ ಆ ಚಿತ್ರದಲ್ಲಿ ಮಾಲೀಕ ಒಂದು ಡಬ್ಬಿ, ನಿವೇಶನ ಇನ್ನೊಂದು ಡಬ್ಬಿ, ನಡುವೆ ಒಂದು ಗೆರೆ. ಗೆರೆಯ ತುದಿಯಲ್ಲಿ ಬರೆಯುವ ಪುಟ್ಟ ಅಂಕಿಯೇ ಕಾನೂನು. ‘ಒಂದು’ ಎಂದು ಬರೆದರೆ ಒಂದು ಇರಲೇಬೇಕು. ಇಲ್ಲದಿದ್ದರೆ ಕಂಪ್ಯೂಟರು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನಿವೇಶನ ಎಂದ ಮೇಲೆ ಅದಕ್ಕೊಬ್ಬ ಮಾಲೀಕ, ಅದಕ್ಕೊಂದು ನೆಲ. ಒಂದರ ಗಡಿ ಇನ್ನೊಂದರ ಮೇಲೆ ಹತ್ತಬಾರದು. ಇದಕ್ಕಿಂತ ಸರಳವಾಗಿ ಇನ್ನೇನು ಹೇಳಲು ಸಾಧ್ಯ ಎಂದುಕೊಂಡಿದ್ದಳು. ತಾಯಿಯನ್ನು ಕರೆದುಕೊಂಡು ಈ ಊರಿಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಊರಿಗೊಂದು ಹೊಳೆ ಇದೆಯೆಂದು ಗೊತ್ತಿತ್ತು; ಅದು ದಡ ತಿನ್ನುವ ಹೊಳೆ ಎಂದು ಗೊತ್ತಿರಲಿಲ್ಲ.

ಹಳೆಯ ನಕ್ಷೆಗಳನ್ನು ಬೀದಿ ಬೀದಿಯಾಗಿ ಏರಿಸುತ್ತ ಹೋಗಿ ಒಂದು ದಿನ ದಡದ ಬೀದಿಯ ಸರದಿ ಬಂತು. ಗುಂಡಿ ಒತ್ತಿದ್ದೇ ತಡ, ಒಂದು ಸಾಲಿನ ಮನೆಗಳೆಲ್ಲ ಹೊರಗೆ ಬಿದ್ದವು. ಪರದೆಯ ತುಂಬ ಕೆಂಪು ಅಕ್ಷರ: ನೆಲ ಇಲ್ಲ, ನೆಲ ಇಲ್ಲ, ನೆಲ ಇಲ್ಲ.

ಪಕ್ಕದ ಮೇಜಿನ ಸರ್ವೆಯರ್ ಇಣುಕಿ ನೋಡಿ ನಾಲಿಗೆ ಲೊಚಗುಟ್ಟಿದ. “ಅದು ನಿಮ್ಮ ತಪ್ಪಲ್ಲ ಮೇಡಂ. ಆ ಸಾಲೇ ಈಗಿಲ್ಲ. ವರ್ಷಕ್ಕೆ ಇಷ್ಟಿಷ್ಟು ಅಂತ ಹೊಳೆ ತಿಂದುಬಿಡ್ತು. ಈಗ ಅಲ್ಲಿ ಮೀನು ಓಡಾಡ್ತಾವೆ.”

“ಅಲ್ಲಿದ್ದವರು?”

“ಊರೊಳಗೆ ಅಲ್ಲಲ್ಲಿ ಇದಾರೆ. ಆದರೆ ಇವತ್ತಿಗೂ ಯಾರಾದ್ರೂ ಮನೆ ಎಲ್ಲಿ ಅಂದ್ರೆ ದಡದ ಬೀದಿ ಅಂತಾನೇ ಹೇಳ್ತಾರೆ.”

ಮುಖ್ಯಾಧಿಕಾರಿಗಳು ಹಸಿ ಮಾತಿನವರಲ್ಲ, ಒಣ ಮಾತಿನವರು. ಕನ್ನಡಕ ಹಣೆಗೇರಿಸಿ ಪರದೆ ನೋಡಿದರು. “ತೆಗೆದುಹಾಕಿ. ನೆಲ ಇಲ್ಲದ ನಿವೇಶನ ಅಂದ್ರೆ ತಲೆ ಇಲ್ಲದ ಟೋಪಿ. ಇಟ್ಟುಕೊಂಡ್ರೆ ನಾಳೆ ಪರಿಹಾರ ಅಂತ ಬಾಗಿಲಿಗೆ ಬರ್ತಾರೆ.”

ಅವಳಿಗೂ ಸರಿಯೆನಿಸಿತು. ಆದರೆ ತೆಗೆದುಹಾಕುವ ಮೊದಲು ನೋಟಿಸು ಅಂಟಿಸಬೇಕು, ತಕರಾರಿದ್ದರೆ ಕೇಳಬೇಕು. ನೋಟಿಸು ನೋಡಿ ಬಂದವರು ಇಬ್ಬರೇ. ಅಣ್ಣ ತಮ್ಮ.

ಅಣ್ಣ ಟೈಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಅಂಗಿಯ ತೋಳಿಗೆ ದಾರದ ಚೂರುಗಳು ಅಂಟಿದ್ದವು. ತಮ್ಮನದು ಸೈಕಲ್ ರಿಪೇರಿ ಅಂಗಡಿ. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಕೂತಿತ್ತು. ಅಪ್ಪನ ಕಾಲದ ಒಂದೇ ಮನೆಯನ್ನು ಮಧ್ಯೆ ಗೋಡೆ ಹಾಕಿಕೊಂಡು ಇಬ್ಬರೂ ಹಂಚಿಕೊಂಡಿದ್ದರು. ಹಂಚಿಕೆಯೆಲ್ಲ ಬಾಯಿಮಾತಿನದು; ನಕ್ಷೆಯಲ್ಲಿ ಇನ್ನೂ ಒಂದೇ ಮನೆ. ಅವರ ತಕರಾರು, ಮನೆಯನ್ನು ತೆಗೆದುಹಾಕಬಾರದು ಎಂದಾಗಿರಲಿಲ್ಲ. ಅದು ಅವರ ತಲೆಗೇ ಹೋಗಿರಲಿಲ್ಲ. ಹಿಂದುಗಡೆಯ ಅಡುಗೆಮನೆ ಯಾರ ಪಾಲಿಗೆ ಎಂಬುದೇ ತಕರಾರು.

“ಗೋಡೆ ಅಡುಗೆಮನೆಯ ಆಚೆ ಬದಿಗೆ ಹೋಗ್ತಿತ್ತು. ಅಡುಗೆಮನೆ ನನ್ನದು,” ಎಂದ ಅಣ್ಣ.

“ಈಚೆ ಬದಿಗಿತ್ತು. ಅದು ನಂದು,” ಎಂದ ತಮ್ಮ. ಅವನ ದನಿ ಕೇಳಬೇಕಾದರೆ ಮುಂದಕ್ಕೆ ಬಾಗಬೇಕಿತ್ತು.

“ಲೋ, ದೊಡ್ಡವನು ನಾನು. ಅಪ್ಪ ಹೇಳುವಾಗ ನೀನು ಹಾಸಿಗೆ ಒದ್ದೆ ಮಾಡ್ಕೊಂಡು ಮಲಗಿದ್ದೆ.”

ಕಚೇರಿಯವರೆಲ್ಲ ಕೆಲಸ ಬಿಟ್ಟು ನೋಡತೊಡಗಿದ್ದರು. ಯಾರೋ ಕಿಸಕ್ಕೆಂದರು. ಮೂರು ವರ್ಷದ ಹಿಂದೆ ಹೊಳೆಗೆ ಬಿದ್ದ ಮನೆಯ ಅಡುಗೆಮನೆಗೆ ಇಬ್ಬರು ಗಂಡಸರು ಬೆವರುತ್ತ ಜಗಳವಾಡುತ್ತಿದ್ದರು. ಮುಖ್ಯಾಧಿಕಾರಿಗಳಿಗೂ ತಮಾಷೆಯೆನಿಸಿರಬೇಕು. “ಒಂದು ಕೆಲಸ ಮಾಡಿ. ದೋಣಿ ತಗೊಂಡು ಹೋಗಿ, ಅಳೆದು ಬನ್ನಿ. ಯಾರ ಕಡೆ ಬರುತ್ತೋ ನೋಡೋಣ.”

ನಗು ಎದ್ದಿತು. ಆದರೆ ತಮ್ಮ ನಗಲಿಲ್ಲ. “ಯಾವತ್ತು ಹೋಗೋಣ, ಸ್ವಾಮಿ?” ಎಂದು ಕೇಳಿದ.

ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಮುಖ್ಯಾಧಿಕಾರಿಗಳಿಗೆ ಮುಖವಿರಲಿಲ್ಲ. ಅವಳ ಕಡೆ ತಿರುಗಿ, “ನೀವೂ ಹೋಗಿ ಬನ್ನಿ. ನಿಮ್ಮ ಡಬ್ಬಿಯೊಳಗೆ ನೀರು ಬರುತ್ತೋ ಇಲ್ಲವೋ ನೋಡಿಕೊಂಡು ಬನ್ನಿ,” ಎಂದರು.

ಮರುದಿನ ಬಿಸಿಲೇರುವ ಹೊತ್ತಿಗೆ ಹೋದರು. ದಡದ ಬೀದಿ ಈಗ ಒಂದೇ ಸಾಲಿನ ಬೀದಿ. ಎಡಗಡೆ ಮನೆಗಳು, ಬಲಗಡೆ ರಸ್ತೆಯ ಡಾಂಬರು ಕಚ್ಚಿ ತೆಗೆದ ರೊಟ್ಟಿಯ ಹಾಗೆ ನಿಂತಿತ್ತು. ಅದರ ಕೆಳಗೆ ಹೊಳೆ, ಏನೂ ಅರಿಯದ ಮುಖ ಮಾಡಿಕೊಂಡು ನಿಧಾನವಾಗಿ ಹರಿಯುತ್ತಿತ್ತು. ಮುರಿದ ರಸ್ತೆಯ ಅಂಚಿನಿಂದ ಒಂದು ನೀರಿನ ಕೊಳವೆ ಹೊಳೆಯ ಕಡೆಗೆ ಚಾಚಿಕೊಂಡಿತ್ತು.

ಸರ್ವೆಯರ್ ಜಿಪಿಎಸ್ಸಿನ ಕೋಲು ಹಿಡಿದು ದೋಣಿಯ ಮುಂದೆ ಕೂತ. ಹಳೆಯ ನಕ್ಷೆಯ ಮೂಲೆಗಳು ಅದರಲ್ಲಿದ್ದವು. ದೋಣಿಯವನಿಗೆ “ಎಡಕ್ಕೆ, ಇನ್ನೊಂದಿಷ್ಟು, ಸಾಕು” ಎಂದು ಹೇಳುತ್ತ, ಮೂಲೆ ಸಿಕ್ಕಿದ ಕಡೆ ಕಲ್ಲು ಕಟ್ಟಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಬಿಡುತ್ತ ಹೋದ. ನಾಲ್ಕು ಕ್ಯಾನು ತೇಲಿದಾಗ ನೀರಿನ ಮೇಲೆ ಒಂದು ಮನೆ ಎದ್ದ ಹಾಗಾಯಿತು. ಟೈಲರ್ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಬಿಳಿಚಿಕೊಂಡು ಕೂತಿದ್ದ. ನೀರೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

ಬೀದಿಯ ಕಡೆಯ ಎರಡು ಕ್ಯಾನುಗಳ ನಡುವೆ ದೋಣಿ ಒಳಕ್ಕೆ ಬಂದಾಗ ತಮ್ಮ ಬಗ್ಗಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. ಹೊಸ್ತಿಲು ದಾಟಿದ್ದರು. ಅವಳು ನೋಡಿದರೆ, ಅಣ್ಣನ ಕಾಲೂ ಮೆಲ್ಲಗೆ ಚಪ್ಪಲಿಯಿಂದ ಹೊರಗೆ ಬಂದಿತ್ತು. ಅವನಿಗೇ ಅದರ ಗಮನವಿರಲಿಲ್ಲ.

“ಇದು ನಡುಮನೆ,” ಎಂದ ತಮ್ಮ. “ಇಲ್ಲಿ ಅಣ್ಣನ ಹೊಲಿಗೆ ಮಿಷನ್ನು. ಸ್ವಲ್ಪ ಮುಂದೆ ಹೋಗಪ್ಪ. ಮೆಟ್ಟಿಲಿದೆ, ಹುಷಾರು.”

ದೋಣಿಯವನು ಹುಟ್ಟನ್ನು ಒಂದು ಗೇಣು ಮೇಲೆತ್ತಿದ.

ಆಳ ನೋಡಲು ಸರ್ವೆಯರ್ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಅಲ್ಲಲ್ಲಿ ಇಳಿಬಿಡುತ್ತಿದ್ದ. ಪ್ರತಿ ಸಲವೂ ಅದು ಕಪ್ಪು ಕೆಸರು ಮೆತ್ತಿಕೊಂಡು ಬರುತ್ತಿತ್ತು. ಅದನ್ನು ನೀರಲ್ಲಿ ಜಾಲಾಡಿಸಿ ಮುಂದಿನ ಜಾಗಕ್ಕೆ ಹೋಗುವುದು. ಹಿಂದಿನ ಮೂಲೆಗೆ ಬಂದಾಗ ತಮ್ಮ ಕೈಯೆತ್ತಿದ. “ಇದೇ.”

ಗುಂಡು ಇಳಿಯಿತು. ತಟ್ ಎಂದು ಗಟ್ಟಿಯಾದುದಕ್ಕೆ ತಾಗಿದ ಸದ್ದು ಹಗ್ಗದ ಮೂಲಕ ಬಂತು. ಸರ್ವೆಯರ್ ಇತ್ತ ಅತ್ತ ನಾಲ್ಕಾರು ಕಡೆ ಬಿಟ್ಟು ನೋಡಿದ. ಎಲ್ಲ ಕಡೆಯೂ ಒಂದೇ ಆಳ, ಒಂದೇ ಸದ್ದು. ಮೇಲೆಳೆದಾಗ ಗುಂಡಿನ ಮೇಲೆ ಕೆಸರಿನ ಹನಿಯೂ ಇರಲಿಲ್ಲ. ಆಗ ತಾನೇ ಒರೆಸಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

“ಇಲ್ಲಿ ಸೆಳೆತ ಜಾಸ್ತಿ ಇರ್ಬೇಕು, ಕೆಸರು ನಿಲ್ಲಲ್ಲ,” ಎಂದ ಸರ್ವೆಯರ್. ಸೆಳೆತವಿದ್ದರೆ ದೋಣಿ ಅಲುಗಾಡಬೇಕಿತ್ತು. ಅದು ಸಿಮೆಂಟು ನೆಲದ ಮೇಲಿಟ್ಟ ಹಾಗೆ ನಿಂತಿತ್ತು.

“ಅವಳು ದಿನಾ ಒರೆಸ್ತಾಳೆ,” ಎಂದ ತಮ್ಮ, ಯಾರಿಗೂ ಅಲ್ಲ ಎಂಬಂತೆ.

ಆಗಲೇ ಡಬ್ಬಿ ಮೇಡಮ್ಮಿಗೆ ವಾಸನೆ ಬಂದದ್ದು. ಹಾಲು ತಳ ಹಿಡಿದ ವಾಸನೆ. ದಡದ ಮನೆಗಳಿಂದ ಬಂದಿರಬೇಕೆಂದು ತಿರುಗಿ ನೋಡಿದಳು. ಮನೆಗಳು ದೂರದಲ್ಲಿದ್ದವು, ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು. ಟೈಲರ್ ಒಮ್ಮೆಲೇ, “ಸಾಕು, ದೋಣಿ ತಿರುಗಿಸಿ, ಸಾಕು,” ಎಂದು ಕೂಗಿದ. ಅವನ ಮೂಗಿನ ಹೊಳ್ಳೆಗಳು ಅದುರುತ್ತಿದ್ದವು.

ಗಡಿ ಎಲ್ಲಿತ್ತೆಂದು ಆ ದಿನವೂ ಗೊತ್ತಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ಗೆರೆ ತೋರಿಸಿದರು, ಅಡುಗೆಮನೆ ಎರಡೂ ಗೆರೆಯೊಳಗೆ ಬಿತ್ತು.

ಎರಡು ದಿನ ಬಿಟ್ಟು ಅವಳು ಟೈಲರ್ ಅಂಗಡಿ ಹುಡುಕಿಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಒಂದು ಬಾಗಿಲಿನ ಅಂಗಡಿ. ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಅಂಗಿಗಳು ತೋಳಿಲ್ಲದೆ ತೂಗುಬಿದ್ದಿದ್ದವು. ನೆಲದ ತುಂಬ ಬಟ್ಟೆಯ ಚೂರು. ಅವನು ಸ್ಟೂಲಿನ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿಕೊಟ್ಟ.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದಳು. “ನೀರೊಳಗಿನ ಅಡುಗೆಮನೆಗೋಸ್ಕರ ಒಡಹುಟ್ಟಿದವನ ಜೊತೆ ಯಾಕೆ ಕಾದಾಡ್ತೀರಿ? ಬಿಟ್ಟುಕೊಟ್ರೆ ನಿಮಗೇನು ನಷ್ಟ?”

ಟೈಲರ್ ಸೀಮೆಸುಣ್ಣದ ತುಂಡನ್ನು ಬೆರಳ ನಡುವೆ ಉರುಳಿಸುತ್ತ ಕೂತ. “ಊರೆಲ್ಲ ಹಾಗೇ ಅಂತಾರೆ ಮೇಡಂ. ಸತ್ತ ಮನೆಗೂ ಆಸೆಪಡೋ ಮುದುಕ ಅಂತ. ಅನ್ನಲಿ.” ಸೀಮೆಸುಣ್ಣದ ಮೇಲೇ ಕಣ್ಣಿಟ್ಟು ಹೇಳಿದ: “ಅವತ್ತು ಬೆಳಗಿಂದ ಸಾಮಾನು ಸಾಗಿಸ್ತಿದ್ವಿ. ಗೋಡೆ ಬಿರುಕು ಬಿಟ್ಟಿತ್ತು. ಎಲ್ಲಾರೂ ಆಚೆ ಬಂದಿದ್ವಿ. ತಮ್ಮನ ಹೆಂಡ್ತಿ ರಸ್ತೆ ಮೇಲೆ ನನ್ನ ಪಕ್ಕದಲ್ಲೇ ನಿಂತಿದ್ಲು. ಇದ್ದಕ್ಕಿದ್ದ ಹಾಗೆ, ‘ಭಾವ, ಹಾಲು ಒಲೆ ಮೇಲಿದೆ, ಇಳಿಸಿ ಬಂದೆ’ ಅಂದ್ಲು. ಬೇಡ ಅನ್ನೋ ಅಷ್ಟರಲ್ಲಿ ಒಳಗೆ ಹೋಗಿದ್ಲು. ಅವಳ ಹಿಂದೆ ಮನೇನೂ ಹೋಯ್ತು.”

ದೋಣಿಯಲ್ಲಿ ಬಂದ ವಾಸನೆಯ ಮಾತು ಡಬ್ಬಿ ಮೇಡಮ್ಮಿನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಅವನೇ ಅವಳ ಮುಖ ನೋಡಿ, “ನಿಮಗೂ ಬಂತಾ?” ಎಂದ. ಅವಳು ಹೌದೆಂದು ತಲೆಯಾಡಿಸಿದಳು.

“ಶವ ಸಿಗಲಿಲ್ಲ. ಇವನು ಅವಳು ಸತ್ತಳು ಅಂತ ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಅಂಗಡಿ ಬಾಗಿಲು ಹಾಕ್ತಾನೆ, ದೋಣಿ ತಗೊಂಡು ಹೋಗ್ತಾನೆ, ಆ ಜಾಗದಲ್ಲಿ ಬಗ್ಗಿ ನೋಡ್ತಾ ಕೂತ್ಕೋತಾನೆ. ಒಂದೊಂದು ದಿನ ಇನ್ನೂ ಸ್ವಲ್ಪ ಬಗ್ತಾನೆ. ಸರ್ಕಾರದ ನಕ್ಷೇಲಿ ಆ ಅಡುಗೆಮನೆ ಅವನ ಹೆಸರಿಗೇ ಬಂತು ಅಂತಿಟ್ಕೊಳ್ಳಿ. ಅವನು ಅಲ್ಲೇ ಸಂಸಾರ ಹೂಡ್ತಾನೆ, ಮೇಡಂ. ನನ್ನ ಹೆಸರಲ್ಲಿದ್ರೆ, ನನ್ನ ಜಾಗಕ್ಕೆ ನೀನ್ಯಾಕೆ ಹೋಗ್ತೀಯ ಅಂತ ನಾಲ್ಕು ಜನರೆದುರು ಗದರಿಸಿಯಾದ್ರೂ ತಡೀಬಹುದು. ನನಗಿರೋನು ಅವನೊಬ್ಬನೇ.”

ಸೀಮೆಸುಣ್ಣ ಅವನ ಬೆರಳಲ್ಲಿ ಪುಡಿಯಾಗಿತ್ತು.

ಆ ಸಂಜೆ ಮನೆಯಲ್ಲಿ ತಾಯಿ ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಟ್ಟೆ ತೆಗೆಯಲು ಹೋದಾಗ ಅವಳು ಓಡಿ ಬಂದು ಉರಿ ಆರಿಸಿದಳು. ಹಾಲಿನ್ನೂ ಬೆಚ್ಚಗೂ ಆಗಿರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು, “ಏನೇ ಇದು, ದೆವ್ವ ಕಂಡವಳ ಹಾಗೆ,” ಎಂದಳು. ಅವಳು ಎಲ್ಲವನ್ನೂ ಹೇಳಿದಳು. ತೆಗೆದುಹಾಕಲು ತಾನು ಒಪ್ಪಿದ್ದನ್ನೂ ಹೇಳಿದಳು.

ತಾಯಿ ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು. “ನಿಮ್ಮಪ್ಪ ಹೋದಾಗ ನಾನು ಕಚೇರಿಗೆ ಹೋಗಿದ್ದೆನಲ್ಲ, ಅಲ್ಲಿದ್ದ ಗುಮಾಸ್ತ ಸ್ಕೇಲಿಟ್ಟು ಅವರ ಹೆಸರಿನ ಮೇಲೆ ಗೆರೆ ಎಳೆದ. ಅವನ ಕೆಲಸ, ಎಳೀಲಿ. ಆದ್ರೆ ಎಷ್ಟು ಒತ್ತಿ ಎಳೆದ ಅಂದ್ರೆ ಕಾಗದ ಹರಿದುಹೋಯ್ತು. ಇಷ್ಟೊಂದು ಒತ್ತಬೇಕಿತ್ತಾ ಅಂತ ಇವತ್ತಿಗೂ ಅನ್ಸುತ್ತೆ ಕಣೇ. ಇದ್ದರು, ಈಗಿಲ್ಲ ಅಂತ ಬರೆದಿದ್ರೆ ಆಗ್ತಿರಲಿಲ್ವಾ?”

ಮರುದಿನ ಅವಳು ತನ್ನ ಚಿತ್ರವನ್ನು ಬಿಚ್ಚಿ ಕೂತಳು. ಇಷ್ಟು ದಿನ ಅವಳು ನಿವೇಶನದ ಡಬ್ಬಿಯೊಳಗೇ ನೆಲವನ್ನು ಇಟ್ಟಿದ್ದಳು. ಹಾಗಾಗಿ ನೆಲ ಹೋದರೆ ನಿವೇಶನವೂ ಹೋಗುತ್ತಿತ್ತು, ಅದಕ್ಕೆ ಅಂಟಿಕೊಂಡ ಮನುಷ್ಯನೂ ಹೋಗುತ್ತಿದ್ದ. ನೆಲವನ್ನು ಹೊರತೆಗೆದು ಬೇರೆ ಡಬ್ಬಿ ಮಾಡಿದಳು. ಎರಡನ್ನೂ ಕೂಡಿಸುವ ಗೆರೆಯ ತುದಿಯಲ್ಲಿ ‘ಒಂದು’ ಅಳಿಸಿ ‘ಸೊನ್ನೆ ಅಥವಾ ಒಂದು’ ಎಂದು ಬರೆದಳು. ನಿವೇಶನಕ್ಕೆ ಹಳೆಯ ಮೂಲೆಗಳನ್ನು ಉಳಿಸಿದಳು; ಅದಕ್ಕೊಂದು ಸ್ಥಿತಿ ಕೊಟ್ಟಳು: ಒಣ ನೆಲ, ಅಥವಾ ನೀರಿನಡಿ, ಯಾವಾಗಿನಿಂದ. ಆಮೇಲೆ ಮಾಲೀಕನನ್ನೂ ನಿವೇಶನವನ್ನೂ ನೇರವಾಗಿ ಕಟ್ಟಿದ್ದ ಗೆರೆಯನ್ನು ಕತ್ತರಿಸಿ ನಡುವೆ ‘ಹಕ್ಕು’ ಎಂಬ ಇನ್ನೊಂದು ಡಬ್ಬಿ ಇಟ್ಟಳು. ಈಗ ಒಂದೇ ನಿವೇಶನಕ್ಕೆ ಇಬ್ಬರ ಹಕ್ಕು ಬಂದು ಸೇರಬಹುದಿತ್ತು, ಗಡಿಗಳು ಒಂದರ ಮೇಲೊಂದು ಹತ್ತದೆ. ಅಡುಗೆಮನೆಯನ್ನು ಎರಡೂ ಪಾಲಿನಿಂದ ಬಿಡಿಸಿ ಅದನ್ನೇ ಒಂದು ನಿವೇಶನ ಮಾಡಿದಳು.

ಮುಖ್ಯಾಧಿಕಾರಿಗಳು ಚಿತ್ರ ನೋಡಿ ನಿಟ್ಟುಸಿರು ಬಿಟ್ಟರು. “ಹೊಳೇಲಿ ಹುಣಸೆಹಣ್ಣು ಕಿವುಚೋ ಕೆಲಸ ಇದು. ನೀರಿನ ಮೇಲೆ ಗೆರೆ ಎಳೆದು ನಕ್ಷೆ ಅಂತ ಕೊಟ್ರೆ ಜನ ನಗ್ತಾರೆ.”

“ಹೊಳೆ ತಿನ್ನೋದಷ್ಟೇ ಅಲ್ಲ ಸಾರ್, ಉಗುಳೋದೂ ಉಂಟು,” ಎಂದಳು. “ಆಚೆ ದಡದಲ್ಲಿ ಮರಳು ಏಳ್ತಿದೆ. ನಾಳೆ ಈ ಕಡೆಯೂ ಎದ್ರೆ ಅದು ಯಾರದು ಅಂತ ಕೋರ್ಟು ನಮ್ಮನ್ನೇ ಕೇಳುತ್ತೆ. ಅಳಿಸಿಬಿಟ್ವಿ ಅಂತ ಹೇಳೋಕಾಗುತ್ತಾ?”

ಕೋರ್ಟು ಎಂದ ಕೂಡಲೇ ಅವರ ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಪರಿಹಾರದ ಮಾತು ಎಲ್ಲೂ ಬರಕೂಡದು ಎಂಬ ಷರತ್ತಿನ ಮೇಲೆ ಸಹಿ ಹಾಕಿದರು.

ದಡದ ಬೀದಿಯನ್ನು ಮತ್ತೆ ಏರಿಸಿದಾಗ ಒಂದೂ ಕೆಂಪು ಸಾಲು ಬರಲಿಲ್ಲ. ಪರದೆಯ ಮೇಲೆ ಹೊಳೆ ನೀಲಿಯಾಗಿ ಹರಿದಿತ್ತು, ನೀಲಿಯ ಒಳಗೆ ತೆಳ್ಳಗೆ, ನೀರೊಳಗಿನ ಬಲೆಯ ಹಾಗೆ, ಒಂದು ಸಾಲು ಮನೆ. ಅದನ್ನು ನೋಡುತ್ತ ಕೂತ ಅವಳಿಗೆ, ಇಷ್ಟು ದಿನ ಬಾಗಿಲಾಚೆ ನಿಂತಿದ್ದವರು ಸದ್ದಿಲ್ಲದೆ ಒಳಗೆ ಬಂದು ಬೆನ್ನ ಹಿಂದೆ ಸಾಲಾಗಿ ನಿಂತ ಹಾಗೆನಿಸಿತು. ಅವಳು ತಿರುಗಿ ನೋಡಲಿಲ್ಲ.

ಅಣ್ಣ ತಮ್ಮಂದಿರನ್ನು ಕರೆಸಿ ತೋರಿಸಿದಳು. “ಅಡುಗೆಮನೆ ಬೇರೆ ನಿವೇಶನ. ಇಬ್ಬರ ಹೆಸರೂ ಇದೆ. ಜಂಟಿ.”

ತಮ್ಮ ಬೆರಳಿನಿಂದ ಪರದೆಯ ಆ ಪುಟ್ಟ ಚೌಕವನ್ನು ಮುಟ್ಟಲು ಹೋಗಿ, ಗ್ರೀಸು ಅಂಟೀತೆಂದು ಕೈ ಹಿಂದೆಗೆದ. “ಜಂಟಿ ಅಂದ್ರೆ?”

ಅವಳು ಬಾಯಿ ತೆರೆಯುವ ಮೊದಲೇ ಟೈಲರ್ ಹೇಳಿದ: “ಜಂಟಿ ಅಂದ್ರೆ ಒಬ್ಬನೇ ಹೋಗೋ ಹಾಗಿಲ್ಲ. ಹೋದ್ರೆ ಇಬ್ಬರೂ ಹೋಗ್ಬೇಕು.”

ಅಂಥ ಕಾನೂನು ಎಲ್ಲೂ ಇರಲಿಲ್ಲ. ತಮ್ಮ ಅವಳ ಮುಖ ನೋಡಿದ. “ಹೌದಾ, ಮೇಡಂ?”

“ಹೌದು,” ಎಂದಳು. ಅವಳು ಕಚೇರಿಯ ಹೆಸರಿನಲ್ಲಿ ಹೇಳಿದ ಮೊದಲ ಸುಳ್ಳು ಅದು.

ಆಮೇಲೆ ದಡದ ಬೀದಿಯವರು ದಿನಾ ಒಂದು ನೋಟ ಕಂಡರು. ನೀರು ಕಂಡರೆ ಬೆವರುವ ಟೈಲರ್ ಕಣ್ಣು ಮುಚ್ಚಿಕೊಂಡು ದೋಣಿಯ ನಡುವೆ ಕೂತಿರುತ್ತಿದ್ದ, ತಮ್ಮ ಹುಟ್ಟು ಹಾಕುತ್ತಿದ್ದ. ಅಲ್ಲಿ ಹೋಗಿ ಇಬ್ಬರೂ ಸ್ವಲ್ಪ ಹೊತ್ತು ಇರುತ್ತಿದ್ದರು. ತಮ್ಮ ಬಗ್ಗಿದಾಗ ಅಣ್ಣನ ಕೈ ಅವನ ಅಂಗಿಯ ಬೆನ್ನನ್ನು ಹಿಡಿದಿರುತ್ತಿತ್ತಂತೆ. ಜನ ಮೊದಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ಬೀದಿಯ ಬೇರೆಯವರೂ ಕಚೇರಿಗೆ ಬಂದು, ಏನೂ ಕೇಳದೆ, ತಮ್ಮ ತಮ್ಮ ಚೌಕ ನೋಡಿಕೊಂಡು ಹೋಗತೊಡಗಿದರು. ಒಬ್ಬ ಅಜ್ಜಿ ಪರದೆಗೆ ಕಿವಿಯಿಟ್ಟು ಕೇಳಿಸಿಕೊಂಡಿದ್ದಳು. ಏನು ಕೇಳಿಸಿತು ಎಂದು ಕೇಳುವ ಧೈರ್ಯ ಡಬ್ಬಿ ಮೇಡಮ್ಮಿಗೆ ಬರಲಿಲ್ಲ.

ಚಳಿಗಾಲದಲ್ಲಿ ಟೈಲರ್ ಜ್ವರದಲ್ಲಿ ಮಲಗಿದ. ಎದೆಯಲ್ಲಿ ಕಫ ಕಟ್ಟಿ ಏಳುವಂತಿರಲಿಲ್ಲ. ಸುದ್ದಿ ಕೇಳಿದ್ದೇ ಅವಳು ಅರ್ಧ ದಿನದ ರಜೆ ಬರೆದುಕೊಟ್ಟು ನೇರ ದಡದ ಬೀದಿಗೆ ಓಡಿದಳು. ದೋಣಿ ಕಟ್ಟಿದ್ದ ಕಡೆಯೇ ಇತ್ತು. ತಮ್ಮ ಮುರಿದ ರಸ್ತೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಪಕ್ಕದಲ್ಲಿ ಒಂದು ಸೈಕಲ್ ಚಕ್ರ, ಅದರ ಕಡ್ಡಿಗಳನ್ನು ಒಂದೊಂದಾಗಿ ಬಿಗಿಮಾಡುತ್ತಿದ್ದ.

“ಹೋಗ್ಲಿಲ್ವಾ?” ಎಂದಳು ಏದುಸಿರಿನಲ್ಲಿ.

“ಅಣ್ಣನ ಜ್ವರ ಇಳೀಲಿ,” ಎಂದ. “ಜಂಟಿ ಜಾಗ ಅಲ್ವಾ.”

ಅವಳು ಸ್ವಲ್ಪ ದೂರ ಬಿಟ್ಟು ಕೂತಳು. ಮಧ್ಯಾಹ್ನದ ಬಿಸಿಲಿಗೆ ಹೊಳೆ ಮಿಸುಕಾಡದೆ ಬಿದ್ದಿತ್ತು. ಅಣ್ಣನನ್ನು ಯಾವ ಡಾಕ್ಟರು ನೋಡುತ್ತಿದ್ದಾರೆ, ಅನ್ನ ಸೇರುತ್ತಿದೆಯೇ ಎಂದು ಜೋರಾಗಿ ವಿಚಾರಿಸತೊಡಗಿದಳು. ತಮ್ಮ ಚಕ್ರದಿಂದ ಕಣ್ಣೆತ್ತದೆ ಹೊಳೆಯ ಕಡೆ ಗಲ್ಲ ತೋರಿಸಿದ.

“ಸ್ವಲ್ಪ ಮೆಲ್ಲಗೆ ಮೇಡಂ. ಈ ಹೊತ್ತಿಗೆ ಅವಳು ಒಂದು ಘಳಿಗೆ ಮಲಗ್ತಾಳೆ.”

ಮುಂದಿನ ಮಾತುಗಳನ್ನೆಲ್ಲ ಅವಳು ಪಿಸುದನಿಯಲ್ಲೇ ಆಡಿದಳು.